ಸದ್ದು ಹೊರಗೆ ಬಾರದ ಗಾಜಿನ ಕೋಣೆ

ಸಾದಿಯಾ, ಇರ್ಫಾನ್, ಇದು ನಿಮ್ಮ ಅಜ್ಜಿ, ನಿಮ್ಮ ಬಾಯಲ್ಲಿ ದಾದಿ, ನಿಮಗಾಗಿ ಬರೆದದ್ದು. ಈಗಲೇ ಓದಬೇಕೆಂದಿಲ್ಲ. ಇರ್ಫಾನನಿಗೆ ಇನ್ನೂ ಒತ್ತಕ್ಷರ ಕೂಡಿಸಲು ಬರುವುದಿಲ್ಲ. ಸಾದಿಯಾಗೆ ಓದಲು ಬಂದರೂ ನನ್ನ ಅಕ್ಷರ ಕಂಡರೆ ನಗು ಬರುತ್ತದೆ.

ಹೋದ ವಾರ ತಿಕೋಟಾದಿಂದ ಟೆಂಪೋದಲ್ಲಿ ಆ ಗಾಜಿನ ಕೋಣೆ ಬಂತಲ್ಲ, ಅದನ್ನು ನಮ್ಮ ಶೆಡ್ಡಿನಲ್ಲಿ ಇಳಿಸಿ ಗಾಡಿಯವರು ಹೊರಡುವುದೇ ತಡ, ನೀವಿಬ್ಬರೂ ಒಳಗೆ ಹೊಕ್ಕು ಬಾಗಿಲು ಎಳೆದುಕೊಂಡಿರಿ. ಬಾಯಿ ತೆರೆದು ಕೂಗುತ್ತಿದ್ದಿರಿ. ಹೊರಗೆ ನಿಂತ ನನಗೆ ನಿಮ್ಮ ಹಲ್ಲು ಕಾಣುತ್ತಿತ್ತು, ದನಿ ಕೇಳುತ್ತಿರಲಿಲ್ಲ. ಅಷ್ಟರಲ್ಲಿ ನಿಮ್ಮ ಅಮ್ಮಿ ಒಳಮನೆಯಿಂದ ಬಂದಳು, ನಿಮ್ಮನ್ನು ನೋಡಿದಳು, ಹಾಗೇ ತಿರುಗಿ ಹೋದಳು. ಸಂಜೆ ಸಾದಿಯಾ ರೊಟ್ಟಿ ತಿನ್ನುತ್ತಾ ಕೇಳಿದಳು.

"ದಾದಿ, ಅದನ್ನ ತರಿಸಿದಾಕಿ ಅಮ್ಮಿನ. ಮತ್ತ ಅಕಿನ ಯಾಕ ಒಳಗ ಹೋಗೂದಿಲ್ಲ?"

ಅಕಿಗೆ ಕೆಲಸ ಐತಿ ಅಂದೆ. ಅದು ಸುಳ್ಳಲ್ಲ. ಆದರೆ ನೀನು ಕೇಳಿದ್ದಕ್ಕೆ ಅದು ಉತ್ತರವೂ ಅಲ್ಲ.

ನನಗೆ ಮಾತು ಕಡಿಮೆ. ನಾಲ್ಕು ಜನರ ಮುಂದೆ ಬಾಯಿ ತೆರೆದವಳಲ್ಲ. ಮಮದಾಪುರದ ಸಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿದ್ದೇನೆ, ಕನ್ನಡ ಮಾತ್ರ ಬರೆಯಲು ಬರುತ್ತದೆ. ಮನೆಯಲ್ಲಿ ನಾವಾಡುವುದು ಅರ್ಧ ಉರ್ದು, ಅರ್ಧ ಕನ್ನಡ. ಈ ಕಾಗದದಲ್ಲಿ ಎಲ್ಲರೂ ಕನ್ನಡವನ್ನೇ ಆಡುತ್ತಾರೆ, ಅದನ್ನು ನೀವು ಹೊಂದಿಸಿಕೊಳ್ಳಿ.

ನಿಮ್ಮನ್ನು ಹೊರಗೆ ಕರೆಯಲು ಆ ದಿನ ನಾನು ಬಾಗಿಲು ತೆರೆದೆನಲ್ಲ, ಆಗ ಒಳಗಿನ ಗಾಳಿ ಮುಖಕ್ಕೆ ಬಡಿಯಿತು. ರಬ್ಬರ್ ಪಟ್ಟಿ ಮತ್ತು ಅಂಟಿನ ವಾಸನೆ. ಅದರ ಹಿಂದೆ ಕೊಯ್ದ ಅಲ್ಯೂಮಿನಿಯಮ್ಮಿನ ಒಂದು ಥರದ ಹುಳಿ ವಾಸನೆ. ಅದು ನಿಮ್ಮ ಅಬ್ಬಾನ ಅಂಗಿಯ ವಾಸನೆ. ನಾನು ಒಗೆದು ಒಗೆದು ಹೋಗಿಸಲಾಗದೆ ಬೈಯುತ್ತಿದ್ದ ವಾಸನೆ. ಇಷ್ಟು ವರ್ಷ ಅದು ಆ ಗಾಜಿನೊಳಗೆ ಕುಳಿತಿತ್ತು.

ಆ ವರ್ಷದ ಕತೆ ಹೇಳುತ್ತೇನೆ.

ನಿಮ್ಮ ಅಬ್ಬಾ ಇಸ್ಮಾಯಿಲ್, ನನ್ನ ಒಬ್ಬನೇ ಮಗ. ಇಬ್ರಾಹಿಂಪುರದಲ್ಲಿ ರೈಲು ಹಳಿಯ ಈಚೆಗೆ ಈಗ ನಾವಿರುವ ಮನೆಯೇ ಆಗಲೂ, ಮುಂದಿನ ಶೆಡ್ಡೂ ಇದೇ. ಅಂಗಡಿ, ಆಫೀಸುಗಳಿಗೆ ಅಲ್ಯೂಮಿನಿಯಮ್ ಚೌಕಟ್ಟು, ಗಾಜಿನ ಗೋಡೆ ಕೂಡಿಸುವುದು ಅವನ ಕೆಲಸ. ನಿಮ್ಮ ಅಮ್ಮಿ ನಸೀಮಾ ಡಿಪ್ಲೊಮಾ ಓದಿದವಳು. ಅವಳು ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವಳು, ಅವನು ಅದನ್ನು ಕೊಯ್ದು ಕೂಡಿಸುವನು. ಗಿರಾಕಿಗಳಿಗೆ ಅವನೊಬ್ಬನೇ ಗೊತ್ತು. ನಕ್ಷೆ ಯಾರದ್ದೆಂದು ಯಾರೂ ಕೇಳಿರಲಿಲ್ಲ, ಅವಳೂ ಹೇಳಿಕೊಂಡಿರಲಿಲ್ಲ.

ಆ ಮಳೆಗಾಲದಲ್ಲಿ ಅವರಿಗೆ ತಿಕೋಟಾದ ಕೆಲಸ ಸಿಕ್ಕಿತು. ಹನಿ ನೀರಾವರಿಯ ಸಾಮಾನು ಮಾರುವ ಒಂದು ಕಂಪನಿ. ಅದರ ಲೆಕ್ಕ ಬರೆಯುವವರು, ರೈತರ ಫೋನಿಗೆ ಉತ್ತರ ಕೊಡುವವರು ಸುತ್ತಲಿನ ಹಳ್ಳಿಗಳ ಹುಡುಗ ಹುಡುಗಿಯರು. ಕೊರೊನಾ ಬಂದಾಗ ಮನೆಯಿಂದ ಕೆಲಸ ಮಾಡಲು ಕಲಿತವರು, ಆಮೇಲೆ ದಿನಾ ಬರಲು ಒಪ್ಪಲಿಲ್ಲ. ಕಂಪನಿಯೂ ಒತ್ತಾಯ ಮಾಡಲಿಲ್ಲ. ವಾರದಲ್ಲಿ ಕೆಲವು ದಿನ ಮನೆ, ಕೆಲವು ದಿನ ಆಫೀಸು. ಇದಕ್ಕೆ ಹೈಬ್ರಿಡ್ ಅನ್ನುತ್ತಾರೆ ಎಂದು ಇಸ್ಮಾಯಿಲ್ ಹೇಳಿದಾಗ ನನಗೆ ಜೋಳದ ಬೀಜ ನೆನಪಾಯಿತು. ಅವನು ನಕ್ಕು ನಕ್ಕು ಅಮ್ಮಿಯನ್ನು ಕರೆದು ಹೇಳಿದ.

ಅಂಥ ಆಫೀಸನ್ನು ಬೇರೆ ರೀತಿಯಲ್ಲೇ ಕಟ್ಟಬೇಕಂತೆ. ಯಾರಿಗೂ ತನ್ನದೆಂಬ ಮೇಜಿಲ್ಲ, ಬಂದವರು ಖಾಲಿ ಕಂಡಲ್ಲಿ ಕೂರುತ್ತಾರೆ. ನಡುವೆ ಒಂದು ದೊಡ್ಡ ಕೋಣೆ, ಗೋಡೆಗೆ ದೊಡ್ಡ ಪರದೆ. ಸಭೆ ಇದ್ದಾಗ ಅರ್ಧ ಮಂದಿ ಮೇಜಿನ ಸುತ್ತ, ಅರ್ಧ ಮಂದಿ ತಮ್ಮ ತಮ್ಮ ಮನೆಗಳಿಂದ ಪರದೆಯ ಮೇಲೆ. ಒಬ್ಬೊಬ್ಬರೇ ಕುಳಿತು ಮಾತಾಡಲು ಬದಿಗೆ ಸಣ್ಣ ಸಣ್ಣ ಗಾಜಿನ ಕೋಣೆಗಳು. ಒಳಗಿನ ಮಾತು ಹೊರಗೆ ಹೋಗಬಾರದು, ಹೊರಗಿನದು ಒಳಗೆ ಬರಬಾರದು. ಅವುಗಳಲ್ಲಿ ಮೊದಲನೆಯದನ್ನು ಇಸ್ಮಾಯಿಲ್ ಒಬ್ಬನೇ ಮಾಡಿದ. ಬಾಗಿಲಿನ ಅಂಚಿಗೆ ರಬ್ಬರ್ ಪಟ್ಟಿ ಕೂಡಿಸಲು ಕೆಲಸಗಾರರನ್ನೂ ಬಿಡಲಿಲ್ಲ. ಕೂಡಿಸುವನು, ಅಮ್ಮಿಯನ್ನು ಒಳಗೆ ಕೂರಿಸಿ ಏನಾದರೂ ಬೈಯಲು ಹೇಳುವನು, ಹೊರಗೆ ಕಿವಿಯಿಟ್ಟು ಕೇಳುವನು, ಮತ್ತೆ ಕಿತ್ತು ಕೂಡಿಸುವನು.

"ಏನಂದಿ ಈಗ?" ಎಂದು ಅವನು ಬಾಗಿಲು ತೆಗೆದು ಕೇಳಿದರೆ, "ಕೇಳಿಸಿದ್ರ ಬದುಕ್ತಿದ್ದಿಲ್ಲ ನೀವು" ಅನ್ನುವಳು.

ಆ ಕೋಣೆ ತಿಕೋಟಾಕ್ಕೆ ಹೋಗಿ ನಿಂತಿತು. ಉಳಿದ ಕೋಣೆಗಳ ಚೌಕಟ್ಟು ಕೊಯ್ದು ಶೆಡ್ಡಿನಲ್ಲಿ ಇಟ್ಟಿದ್ದ. ಮಳೆ ಹಿಂದೆಗೆಯುವ ಹೊತ್ತು. ಹಳಿಯ ಪಕ್ಕದ ತಗ್ಗುಗಳಲ್ಲಿ ನೀರು ನಿಂತಿತ್ತು, ಓಣಿಯಲ್ಲಿ ಮನೆಗೊಬ್ಬರಿಗೆ ಜ್ವರ. ಇಸ್ಮಾಯಿಲನಿಗೂ ಬಂತು. ಡೆಂಗಿ ಅಂದರು. ಜ್ವರ ಇಳಿಯಿತೆಂದು ನಾವು ಉಸಿರುಬಿಟ್ಟ ಮೇಲೆ ಅವನು ಹೋದ. ಇದಕ್ಕಿಂತ ಹೆಚ್ಚು ಅದನ್ನು ಬರೆಯಲು ನನ್ನ ಕೈ ಏಳುವುದಿಲ್ಲ. ಸಾದಿಯಾ, ನೀನು ಆಗ ಒಂದನೆಯ ಇಯತ್ತೆ. ಇರ್ಫಾನ್, ನಿನಗೆ ಆಗ ನಡೆಯಲು ಬರುತ್ತಿತ್ತು, ಅಬ್ಬಾ ಅನ್ನಲು ಬರುತ್ತಿತ್ತು, ಅಷ್ಟೇ.

ನಿಮ್ಮ ಅಮ್ಮಿ ಇದ್ದತ್‌ಗೆ ಕುಳಿತಳು. ನಮ್ಮಲ್ಲಿ ಗಂಡ ತೀರಿದ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಮನೆ ಬಿಟ್ಟು ಹೋಗುವುದಿಲ್ಲ, ಸಿಂಗಾರ ಮಾಡಿಕೊಳ್ಳುವುದಿಲ್ಲ, ಪರಪುರುಷರ ಎದುರಿಗೆ ಬರುವುದಿಲ್ಲ. ನಾನೂ ನಿಮ್ಮ ದಾದಾ, ಅಂದರೆ ನನ್ನ ಗಂಡ, ಹೋದಾಗ ಅದೇ ಒಳಕೋಣೆಯಲ್ಲಿ ಕುಳಿತಿದ್ದೆ. ನನಗೆ ಆಗ ಹೊರಗಿನ ಕೆಲಸ ಏನೂ ಇರಲಿಲ್ಲ, ಆದ್ದರಿಂದ ಅದು ಕಷ್ಟವೆನಿಸಲಿಲ್ಲ. ಇವಳ ಮಾತು ಬೇರೆ. ತಿಕೋಟಾದ ಕೆಲಸ ಅರ್ಧಕ್ಕೆ ನಿಂತಿತ್ತು. ಅಲ್ಲಿನ ಮ್ಯಾನೇಜರರು ಮಾತಾಡಿಸಲು ಬಂದರು, ಹೊರಗಿನ ಪಡಸಾಲೆಯಲ್ಲಿ ತಲೆ ತಗ್ಗಿಸಿ ಕುಳಿತರು, ಹೋಗುವಾಗ ನಿಮ್ಮ ದಸ್ತಗೀರ್ ದಾದಾಗೆ, ಅಂದರೆ ನನ್ನ ಮೈದುನನಿಗೆ, ಕೆಲಸವನ್ನು ಊರಿನ ಬೇರೆ ಗುತ್ತಿಗೆದಾರನಿಗೆ ಕೊಡಬೇಕಾಗುತ್ತದೆ ಎಂದು ಮೆಲ್ಲಗೆ ಹೇಳಿ ಹೋದರು.

ದಸ್ತಗೀರ್ ಮನೆಯ ಹಿರಿಯ. ಅವನ ಲೆಕ್ಕ ಸೀದಾ ಇತ್ತು. ಕೆಲಸ ಹೋದರೆ ಶೆಡ್ ಮುಚ್ಚುವುದು. ಇದ್ದತ್ ಮುಗಿದ ಮೇಲೆ ನಸೀಮಾಳ ಅಣ್ಣ ಅಥಣಿಯಿಂದ ಬಂದು ಅವಳನ್ನೂ ಮಕ್ಕಳನ್ನೂ ಕರೆದೊಯ್ಯುವುದು. ಅಣ್ಣ ಆಗಲೇ ಹೇಳಿ ಕಳಿಸಿದ್ದ. ಯಾರದ್ದೂ ಕೆಟ್ಟ ಮನಸ್ಸಲ್ಲ. ಮಗನನ್ನು ಮಣ್ಣಿಗೆ ಕೊಟ್ಟವಳಿಗೆ ಮೊಮ್ಮಕ್ಕಳನ್ನೂ ಅಥಣಿಯ ಗಾಡಿಗೆ ಹತ್ತಿಸುವ ದಿನ ಬರುತ್ತದೆ ಎಂಬುದು ಅವರ ಲೆಕ್ಕದಲ್ಲಿ ಇರಲಿಲ್ಲ. ನಾನೂ ಬಾಯಿಬಿಟ್ಟು ಹೇಳಲಿಲ್ಲ. ನೀವು ಮಲಗಿದಾಗ ನಿಮ್ಮ ಚಪ್ಪಲಿಗಳನ್ನು ಒಳಗೆ ತೆಗೆದಿಡುತ್ತಿದ್ದೆ, ಅಷ್ಟೇ. ಯಾಕೆಂದು ನನಗೇ ಗೊತ್ತಿಲ್ಲ.

ಅಮ್ಮಿ ಒಳಗಿನಿಂದ ಒಂದೇ ಮಾತು ಹೇಳಿ ಕಳಿಸಿದಳು. ಕೆಲಸ ನಾನು ಮುಗಿಸುತ್ತೇನೆ.

ದಸ್ತಗೀರ್ ಮೌಲಾನಾರ ಹತ್ತಿರ ಹೋಗಿ ಕೇಳಿಬಂದ. ಅವರು ಒಳ್ಳೆಯ ಮನುಷ್ಯರು. ರೋಜಿಯ, ಅಂದರೆ ಸಂಪಾದನೆಯ ಸಲುವಾಗಿ, ಬೇರೆ ದಾರಿ ಇಲ್ಲವೆಂದಾದರೆ, ಹಗಲಿನಲ್ಲಿ ಹೋಗಿ ರಾತ್ರಿಯೊಳಗೆ ಮನೆ ಸೇರಬಹುದು ಅಂದರಂತೆ. ಅದನ್ನು ಕೇಳಿ ನನಗೆ ಎದೆಯ ಭಾರ ಸ್ವಲ್ಪ ಇಳಿಯಿತು. ಆದರೆ ದಸ್ತಗೀರ್ ಪಡಸಾಲೆಯಲ್ಲಿ ಚಹಾದ ಬಸಿ ಕೆಳಗಿಟ್ಟು ಅತ್ತಿಗೆಯಾದ ನನಗೆ ಹೇಳಿದ.

"ಬ್ಯಾರೆ ಹಾದಿ ಇಲ್ಲಂದ್ರ ಅಂದಾರ. ಹಾದಿ ಐತಲ್ಲ ವೈನಿ? ಊರ ಮಂದಿ ಎಲ್ಲಾ ಮನ್ಯಾಗ ಕುಂತ ಫೋನಿನ್ಯಾಗ ಆಫೀಸ್ ಮಾಡಾಕತ್ತಾರ. ಅಂಥಾ ಆಫೀಸನ್ನ ಕಟ್ಟಾಕಿ ಇಕಿ. ಇಕಿಗ್ಯಾಕ ಹೊರಗ ಹೋಗೂ ಜರೂರತ್ತು?"

ಆ ಫೋನು ಹುಟ್ಟುವುದಕ್ಕೆ ಮೊದಲಾಗಿದ್ದರೆ ಅವಳು ಹೊಟ್ಟೆಪಾಡಿಗೆಂದು ಹಗಲು ಬಸ್ ಹತ್ತಬಹುದಿತ್ತು. ಮನೆಯಿಂದಲೇ ಕೆಲಸ ಮಾಡಬಹುದೆಂಬ ಕಾಲ ಬಂದು ಅವಳ ಬಾಗಿಲನ್ನು ಇನ್ನಷ್ಟು ಗಟ್ಟಿಯಾಗಿ ಹಾಕಿತು. ಅವಳು ಒಪ್ಪಿದಳು. ಮುಖ ಕಾಣಬಾರದು, ದನಿ ಮತ್ತು ನಕ್ಷೆ ಮಾತ್ರ. ಮ್ಯಾನೇಜರರೂ ಇಲ್ಲ ಅನ್ನಲಾಗಲಿಲ್ಲ. ಎಲ್ಲಿ ಕುಳಿತು ಮಾಡಿದರೂ ಕೆಲಸ ಕೆಲಸವೇ ಎಂದು ಗೋಡೆಗೆ ಬರೆಸಿಕೊಳ್ಳುವ ಆಫೀಸು ಅವರದು. ಪುಣೆಯಲ್ಲಿರುವ ಕಂಪನಿಯ ದೊಡ್ಡ ಸಾಹೇಬರು ಒಂದು ದಿನ ಸಭೆ ಮಾಡಿ ನೋಡುತ್ತಾರೆ, ಅವರು ಸರಿ ಅಂದರೆ ಸರಿ, ಇಲ್ಲವಾದರೆ ಬೇರೆಯವರಿಗೆ ಎಂದು ತೀರ್ಮಾನವಾಯಿತು.

ಆದರೆ ಅಲ್ಲಿ ಅವಳಿಗೆ ಕಣ್ಣು ಬೇಕಲ್ಲ. ಕೆಲಸಗಾರರ ಕೈಗಳು ಕೊಯ್ಯುವುದರಲ್ಲಿ, ಕೂಡಿಸುವುದರಲ್ಲಿ ಇರುತ್ತವೆ. ಫೋನು ಹಿಡಿದು ಕೋಣೆ ಕೋಣೆ ತೋರಿಸಲು ನಾನು ಹೋಗಬೇಕಾಯಿತು.

ಮಮದಾಪುರದಿಂದ ಮದುವೆಯಾಗಿ ಬಂದವಳು ನಾನು ಒಬ್ಬಳೇ ಬಸ್ ಹತ್ತಿದ್ದು ಎರಡೋ ಮೂರೋ ಸಲ. ಈಗ ವಾರದ ಬಹುಪಾಲು ದಿನ ಬೆಳಿಗ್ಗೆ ತಿಕೋಟಾದ ಬಸ್. ಕಿಟಕಿಯ ಹೊರಗೆ ದ್ರಾಕ್ಷಿ ತೋಟಗಳನ್ನು ಚಾಟನಿ ಮಾಡಿ, ಅಂದರೆ ಬಳ್ಳಿ ಕತ್ತರಿಸಿ, ಬೋಳು ಮಾಡಿದ್ದರು, ಕಂಬ ಮತ್ತು ತಂತಿ ಮಾತ್ರ ಕಾಣುತ್ತಿತ್ತು. ನನ್ನ ಸೆರಗಿನೊಳಗೆ ಇಸ್ಮಾಯಿಲನ ಫೋನು. ಎದುರಿನದನ್ನು ತೋರಿಸುವಂಥ ಬೇರೆ ಫೋನು ನಮ್ಮಲ್ಲಿರಲಿಲ್ಲ. ಅಲ್ಲಿಗೆ ಮುಟ್ಟಿ ನಾನು ಗುಂಡಿ ಒತ್ತಿದರೆ ಇಲ್ಲಿ ನಿಮ್ಮ ಅಮ್ಮಿಯ ಕಂಪ್ಯೂಟರಿನಲ್ಲಿ ಅವನ ಹೆಸರು ಬರುತ್ತಿತ್ತು, ಅವನ ಫೋಟೋ ಬರುತ್ತಿತ್ತು, ಇಸ್ಮಾಯಿಲ್ ಕರೆಯುತ್ತಿದ್ದಾನೆ ಎಂದು. ಹೆಸರು ಬದಲಿಸುವುದು ಚಿಟಿಕೆಯ ಕೆಲಸ ಎಂದು ಕೆಲಸಗಾರನೊಬ್ಬ ಹೇಳಿದ. ಅವಳು ಬದಲಿಸಲಿಲ್ಲ, ನಾನು ಬದಲಿಸು ಅನ್ನಲಿಲ್ಲ.

ಮೊದಲ ದಿನ ನಾಚಿಕೆಯಿಂದ ಫೋನನ್ನು ಸೊಂಟದ ಹತ್ತಿರ ಹಿಡಿದು ಎಲ್ಲ ಕೋಣೆ ತಿರುಗಿದೆ. ಮನೆಗೆ ಬಂದ ಮೇಲೆ ಅಮ್ಮಿ ಹೇಳಿದಳು, ಅಮ್ಮಾ, ಇವತ್ತು ನಾನು ನೋಡಿದ್ದು ಬರೀ ಮಂದಿಯ ಮೊಣಕಾಲು ಮತ್ತು ಮೇಜಿನ ಕಾಲು. ಮರುದಿನ ಎದೆಯ ಹತ್ತಿರ ಹಿಡಿದೆ. ಆಗ ಎಲ್ಲರೂ ಅವಳಿಗೆ ಮೂಗಿನ ಹೊಳ್ಳೆಯಿಂದ ಮೇಲೆ ಕಂಡರು, ತಲೆಯ ಹಿಂದೆ ಫ್ಯಾನು. ಮುಖದ ಎತ್ತರಕ್ಕೆ ಹಿಡಿಯಲು ನಾನು ಕಲಿಯುವ ಹೊತ್ತಿಗೆ ದೀಪಾವಳಿ ಕಳೆದಿತ್ತು.

ಇದೆಲ್ಲ ನನಗೆ ನನ್ನ ತಪ್ಪಿನಂತೆ ಕಂಡಿತ್ತು. ಅವಳಿಗೆ ಅದೇ ಕೆಲಸಕ್ಕೆ ಬಂತು. ಮೊದಲು ಅವಳು ಬರೆದ ನಕ್ಷೆಯಲ್ಲಿ ದೊಡ್ಡ ಪರದೆ ಗೋಡೆಯ ಮೇಲೆ ಎತ್ತರದಲ್ಲಿತ್ತು, ಅಂಗಡಿಯಲ್ಲಿ ಟಿವಿ ಹಾಕಿದಂತೆ. ಅದನ್ನು ಕೆಳಗಿಳಿಸಿದಳು, ಕುಳಿತವರ ಕಣ್ಣಿನ ಮಟ್ಟಕ್ಕೆ. ಕಿಟಕಿಗೆ ಬೆನ್ನು ಮಾಡಿ ಕುಳಿತವರು ಅವಳಿಗೆ ಕಪ್ಪಗೆ ನೆರಳಿನಂತೆ ಕಾಣುತ್ತಿದ್ದರು, ಕುರ್ಚಿಗಳ ದಿಕ್ಕು ತಿರುಗಿಸಿದಳು. ಬರಿಯ ಗೋಡೆಗಳಿಗೆ ಬಡಿದು ಮಾತು ಹಾಳುಬಾವಿಯಲ್ಲಿ ಆಡಿದಂತೆ ಕೇಳುತ್ತಿತ್ತು, ಗೋಡೆಗೆ ದಪ್ಪ ಬಟ್ಟೆಯ ಹಲಗೆ ಹಾಕಿಸಿದಳು. ಇತ್ತ ಮನೆಯಲ್ಲಿ ರೈಲು ಬಂದರೆ ಅವಳ ಮಾತು ಅಲ್ಲಿನವರಿಗೆ ಕೇಳುತ್ತಿರಲಿಲ್ಲ. ಒಂದು ದಿನ ದಸ್ತಗೀರ್ ತಾನಾಗಿ ಏಣಿ ತಂದು, ನನ್ನ ಹಳೆಯ ಕೌದಿಯನ್ನು ಕಿಟಕಿಗೆ ಮೊಳೆ ಹೊಡೆದು ಕಟ್ಟಿದ. ಕೋಣೆ ಕತ್ತಲಾಯಿತು. ಅವಳು ಹಗಲೆಲ್ಲ ದೀಪ ಹಾಕಿಕೊಂಡು ಆ ಕೌದಿಯ ಕೆಳಗೆ ಕುಳಿತಳು, ಬಿಳಿ ಸೀರೆ, ಬೋಳು ಕೈ, ಕಿವಿಗೆ ತಂತಿ.

ಅವಳು ಅಳಲಿಲ್ಲ. ಜನ ಅದನ್ನು ಗಮನಿಸಿದರು. ನಾನೂ ಗಮನಿಸಿದೆ. ಎರಡು ಕೋಣೆಯ ಮನೆಯಲ್ಲಿ ಎಲ್ಲಿ ಅಳಬೇಕು? ಅವಳ ಕಣ್ಣು ಒದ್ದೆಯಾದರೆ ಸಾಕು, ಇರ್ಫಾನ್ ಚೀರುತ್ತಿದ್ದ. ಆದ್ದರಿಂದ ಅವಳು ನಕ್ಷೆ ಬರೆದಳು.

ಮೇಜಿನ ಕೆಲಸ ಬಬಲೇಶ್ವರದ ಮೌನೇಶಪ್ಪನಿಗೆ ಒಪ್ಪಿಸಿದ್ದರು. ಇಸ್ಮಾಯಿಲನ ಜೊತೆ ಹಲವು ಕಡೆ ಕೆಲಸ ಮಾಡಿದ ಬಡಿಗ. ಅಮ್ಮಿ ಮೇಜಿನ ಆಕಾರ ಬದಲಿಸಿ ಕಳಿಸಿದಾಗ ಅವನು ನಕ್ಷೆಯನ್ನು ಹೊರಳಿಸಿ ಹೊರಳಿಸಿ ನೋಡಿದ. ಉದ್ದನೆಯ ಮೇಜಲ್ಲ. ಪರದೆಯ ಕಡೆಗೆ ಅಗಲ, ಹಿಂದಕ್ಕೆ ಹೋದಂತೆ ಸಣ್ಣದು.

"ಯವ್ವಾ, ಇದು ಮೇಜಲ್ಲ, ಮೊರ ಐತಿ. ಸಾಹೇಬ್ರು ಮ್ಯಾಲೆ ಕುಂತು ಜ್ವಾಳ ಹಸನ ಮಾಡ್ತಾರೇನು?"

ನಾನು ಸೆರಗು ಬಾಯಿಗೆ ಹಿಡಿದೆ. ಎಷ್ಟೋ ದಿನಗಳ ನಂತರ ನಗು ಬಂದಿತ್ತು. ಕೈಯಲ್ಲಿದ್ದ ಫೋನಿನಿಂದ ಅಮ್ಮಿ ಉತ್ತರ ಕೊಟ್ಟಳು. ಉದ್ದ ಮೇಜಿನಲ್ಲಿ ಮುಂದೆ ಕುಳಿತವರು ಹಿಂದಿನವರನ್ನು ಮುಚ್ಚುತ್ತಾರೆ, ಮನೆಯಲ್ಲಿ ಕುಳಿತು ನೋಡುವವರಿಗೆ ಒಂದು ಕಿವಿ, ಒಂದು ಭುಜ ಬಿಟ್ಟು ಏನೂ ಕಾಣುವುದಿಲ್ಲ. ಮೊರದಂತೆ ಇದ್ದರೆ ಎಲ್ಲರ ಮುಖವೂ ಕಾಣುತ್ತದೆ. ಮೌನೇಶಪ್ಪ ಫೋನನ್ನು ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ, ಕಿವಿಯ ಮೇಲಿನ ಪೆನ್ಸಿಲ್ ತೆಗೆದುಕೊಂಡ.

"ಇಸ್ಮಾಯಿಲ ಇದ್ದಿದ್ರ ನನ್ನ ಜೋಡಿ ಜಗಳಾ ತಗದು ಮಾಡಸ್ತಿದ್ದ. ನೀ ಸಾವಕಾಶ ಹೇಳಾಕತ್ತಿ. ಮಾಡಿಕೊಡ್ತೀನಿ ತಗೋ, ತಂಗಿ."

ಆದರೆ ಮೊರದ ಮೇಜು ಮ್ಯಾನೇಜರರಿಗೆ ಹಿಡಿಸಿರಲಿಲ್ಲ. ಅವರ ಸಂಕಟ ಬೇರೆಯೇ ಇತ್ತು. ಹೊಸ ನಕ್ಷೆಯಲ್ಲಿ ಅವರಿಗೆ ತಮ್ಮದೇ ಕೋಣೆ ಇರಲಿಲ್ಲ, ಎಲ್ಲರಂತೆ ಖಾಲಿ ಕಂಡಲ್ಲಿ ಕೂರಬೇಕು. ಹಳೆಯ ಆಫೀಸಿನಲ್ಲಿ ಅವರಿಗೊಂದು ಬಾಗಿಲಿತ್ತು, ಬಾಗಿಲ ಮೇಲೆ ಹೆಸರಿತ್ತು. ಒಮ್ಮೆ ಕೆಲಸಗಾರರೆಲ್ಲ ಊಟಕ್ಕೆ ಹೋದಾಗ ಅವರು ಇಸ್ಮಾಯಿಲ್ ಮಾಡಿದ ಗಾಜಿನ ಕೋಣೆಯನ್ನು ಸವರುತ್ತಾ ನನಗೆ ಹೇಳಿದರು, "ಅಮ್ಮಾರ, ಹನ್ನೆರಡು ವರ್ಷ ದುಡದೇನ್ರಿ. ನನಗೊಂದು ಬಾಗಲ ಇಲ್ಲಂದ್ರ ಬಂದ ಮಂದಿ ಯಾರನ್ನ ಮ್ಯಾನೇಜರ್ ಅನ್ನಬೇಕ್ರಿ?" ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಇದ್ದಕ್ಕಿದ್ದಂತೆ ತನ್ನ ಜಾಗ ಇಲ್ಲವಾಗುವುದು ಏನೆಂದು ನಮ್ಮ ಮನೆಗೆ ಗೊತ್ತಿತ್ತು.

ಪುಣೆಯ ಸಾಹೇಬರ ಸಭೆ ಚಳಿ ಹೆಚ್ಚಾದ ದಿನಗಳಲ್ಲಿ ಬಂತು. ಜೋಳ ತೆನೆ ಕಟ್ಟಿತ್ತು, ಬೆಳಗಿನ ಬಸ್ಸಿನ ಗಾಜಿನ ಮೇಲೆ ಇಬ್ಬನಿ. ಕೋಣೆ ಅರ್ಧ ಸಿದ್ಧವಾಗಿತ್ತು. ಮೌನೇಶಪ್ಪನ ಮೇಜು ಬಂದಿರಲಿಲ್ಲ, ಹಳೆಯ ಉದ್ದ ಮೇಜೇ ಇತ್ತು. ಮೇಜಿನ ಎರಡೂ ಬದಿಗೆ ಮ್ಯಾನೇಜರರೂ ಕಂಪನಿಯ ಜನರೂ ಕುಳಿತರು. ಗೋಡೆಯ ಪರದೆಯಲ್ಲಿ ಒಂದು ಕಡೆ ಪುಣೆಯ ಸಾಹೇಬರು, ಇನ್ನೊಂದು ಕಡೆ ಅಮ್ಮಿಯ ನಕ್ಷೆ. ಅವಳ ಮುಖ ಇರಬೇಕಾದಲ್ಲಿ ಕಪ್ಪು ಚೌಕ, ಅದರಲ್ಲಿ ನಮ್ಮ ಶೆಡ್ಡಿನ ಹೆಸರು. ನಾನು ಬಾಗಿಲ ಹತ್ತಿರ ಗೋಡೆಗೆ ಆತು ನಿಂತಿದ್ದೆ.

ಅಮ್ಮಿ ಚೆನ್ನಾಗಿಯೇ ಶುರು ಮಾಡಿದಳು. ಸ್ವಲ್ಪ ಹೊತ್ತಿಗೆ ಚಹಾ ಬಂತು. ಒಬ್ಬರು ಮೇಜಿನ ಮೇಲೆ ಅಡ್ಡ ಬಾಗಿ ಏನೋ ಕೇಳಿದರು, ಇನ್ನೊಬ್ಬರು ಉತ್ತರಿಸಿದರು, ಪರದೆಗೆ ಎಲ್ಲರ ಬೆನ್ನಾಯಿತು. ಮ್ಯಾನೇಜರರು ಗಾಜಿನ ಕೋಣೆಗಳನ್ನು ಕಡಿಮೆ ಮಾಡಿ ಆ ಜಾಗದಲ್ಲಿ ತಮಗೊಂದು ಕ್ಯಾಬಿನ್ ಮಾಡಬಹುದಲ್ಲ ಅಂದರು. ಮೇಜೂ ಈಗಿರುವಂತೆ ಸಾಕು ಎಂದು ಮತ್ಯಾರೋ ಕೂಡಿಸಿದರು. ಊರಿನಲ್ಲಿ ಇದನ್ನೆಲ್ಲ ಬೇಗ ಮಾಡಿಕೊಡುವವರು ಇದ್ದಾರೆ ಎಂಬ ಮಾತೂ ಬಂತು. ಪುಣೆಯ ಸಾಹೇಬರಿಗೆ ಮೇಜಿನ ಹಿಂತುದಿಯ ಮಾತು ಕೇಳದೆ ಅವರು ಕಿವಿಗೆ ಕೈ ಇಟ್ಟುಕೊಳ್ಳುತ್ತಿದ್ದರು. ಗೋಡೆಯಿಂದ ನಿಮ್ಮ ಅಮ್ಮಿಯ ದನಿ ಬಂತು, "ಸರ್, ಒಂದು ಮಾತ್ರಿ." ಯಾರೂ ತಿರುಗಲಿಲ್ಲ. ಚಹಾದ ಕಪ್ಪು-ಬಸಿಗಳ ಸದ್ದು. ಮತ್ತೆ ಬಂತು, "ಸರ್, ನಾ ಒಂದು ಹೇಳಲ್ರಿ?" ಮ್ಯಾನೇಜರರು ನಗುತ್ತಾ ಪಕ್ಕದವರ ಹೆಗಲು ತಟ್ಟುತ್ತಿದ್ದರು. ಮೂರನೆಯ ಸಲ ಬಂದದ್ದು ಬರೀ "ಸರ್". ಆ ದನಿ ನನಗೆ ಗೊತ್ತು. ಇಸ್ಮಾಯಿಲನ ತಲೆದಿಂಬಿನ ಹತ್ತಿರ ಕುಳಿತು ಅವಳು ಕೊನೆಗೆ ಕರೆದ ದನಿ ಅದು. ಉತ್ತರ ಬರುವುದಿಲ್ಲ ಎಂದು ಗೊತ್ತಾದ ಮೇಲಿನ ದನಿ.

ನಾನು ಹೇಗೆ ಮುಂದೆ ಹೋದೆನೋ ನನಗೆ ಗೊತ್ತಿಲ್ಲ. ಮೇಜಿನ ತುದಿ ಹಿಡಿದುಕೊಂಡೆ. "ಗ್ವಾಡಿ ಮ್ಯಾಲಿನಾಕಿ ಮಾತಾಡಾಕತ್ತಾಳ್ರಿ," ಅಂದೆ.

ಅಷ್ಟೇ ಅಂದದ್ದು. ದನಿ ಎಷ್ಟು ಸಣ್ಣದಿತ್ತೋ, ಆದರೂ ಎಲ್ಲರೂ ತಿರುಗಿ ಮೊದಲು ನನ್ನನ್ನು, ಆಮೇಲೆ ಗೋಡೆಯನ್ನು ನೋಡಿದರು. ಅಮ್ಮಿ ಮೆಲ್ಲಗೆ ಹೇಳಿದಳು.

"ಮೂರು ಸಲ ಕರದ್ನಿರಿ. ನೀವು ಕೆಟ್ಟವರಂತಲ್ಲ, ಈ ಮೇಜಿಗೆ ಕುಂತ್ರ ಯಾರಿಗರ ಹಂಗ ಆಗ್ತೈತಿ. ಇವತ್ತ ನನಗಾತು. ನಾಳೆ ನಿಮ್ಮ ಆಫೀಸಿನಾಗ ಮನ್ಯಾಗ ಕುಂತ ಹುಡುಗಿಗೆ ದಿನಾ ಆಗ್ತೈತ್ರಿ. ಅಕಿ ನಾಕು ದಿನ ಕರೀತಾಳ, ಐದನೇ ದಿನ ಕರಿಯೂದು ಬಿಡ್ತಾಳ. ಅಕಿ ಕೆಲಸಾ ಮಾಡೂದಿಲ್ಲ ಅಂತ ನೀವು ತಿಳ್ಕೊತೀರಿ. ಇಲ್ಲದವರಿಗೂ ಒಂದು ಜಾಗಾ ಇರಲಿ ಅಂತ ಈ ಕೋಣಿ ಬರದೇನ್ರಿ. ಅಷ್ಟ."

ಪುಣೆಯ ಸಾಹೇಬರು ಅವಳ ಹೆಸರು ಕೇಳಿದರು. ನಕ್ಷೆಯಲ್ಲಿ ಇದ್ದಂತೆಯೇ ಆಗಲಿ, ಇವರೇ ಮುಗಿಸಲಿ ಅಂದರು. ಮುಖ ನೋಡಿ ಒಂದು ಮಾತು ಹೇಳಬೇಕು, ಕ್ಯಾಮೆರಾ ಹಚ್ಚಿ ಎಂದು ಕೇಳಿಕೊಂಡರು. ನನ್ನ ದನಿ ಸಾಕು ಸರ್ ಅಂದಳು ಅಮ್ಮಿ. ಮ್ಯಾನೇಜರರು ಎದ್ದು, ನನಗೆ ಕೂರಲು ತಮ್ಮ ಕುರ್ಚಿ ಎಳೆದು ಕೊಟ್ಟರು. ನಾನು ಕೂರಲಿಲ್ಲ. ಅಷ್ಟು ಜನರ ನಡುವೆ ಕೂರಲು ನಾಚಿಕೆಯಾಯಿತು.

ಆ ಸಂಜೆ ಮನೆಗೆ ಬಂದಾಗ ದಸ್ತಗೀರ್ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ. ಅಮ್ಮಿ ಮನೆಯೊಳಗೆ ಕುಳಿತು ಆಡಿದ ಮಾತೆಲ್ಲ ಅವನಿಗೆ ಗೋಡೆಯಾಚೆಯಿಂದ ಕೇಳಿಸಿತ್ತು. ಅಥಣಿಗೆ ತಾನೇ ಫೋನ್ ಮಾಡಿ, ಗಾಡಿ ತರುವ ಅವಸರ ಬೇಡ ಎಂದು ಹೇಳುತ್ತೇನೆ ಅಂದ. ನನ್ನ ಕಡೆ ನೋಡಲಿಲ್ಲ. ನಾನು ಒಳಗೆ ಹೋಗಿ ನಿಮ್ಮ ಚಪ್ಪಲಿಗಳನ್ನು ತಂದು ಮತ್ತೆ ಹೊಸ್ತಿಲ ಹೊರಗೆ ಇಟ್ಟೆ.

ಇಲ್ಲಿಗೆ ಕತೆ ಮುಗಿದಿದ್ದರೆ ನಿಮಗೆ ಬಾಯಿಂದಲೇ ಹೇಳುತ್ತಿದ್ದೆ.

ಇದ್ದತ್ ಮುಗಿಯಿತು. ಬಂಧುಗಳು ಬಂದು ಹೋದರು. ತವರಿಗೆ ಹೋಗಿ ಬಾ ಎಂದು ಎಲ್ಲರೂ ಹೇಳಿದರು. ಅವಳು ತಿಕೋಟಾಕ್ಕೆ ಹೋಗಬೇಕು ಅಂದಳು. ನಾವಿಬ್ಬರೇ ಹೋದೆವು. ಅಷ್ಟು ತಿಂಗಳ ಮೇಲೆ ಬಿಸಿಲಿಗೆ ಬಂದವಳು ಬಸ್ಸಿನಲ್ಲಿ ಕಣ್ಣು ಕಿರಿದು ಮಾಡಿಕೊಂಡು ಕುಳಿತಿದ್ದಳು. ತೋಟಗಳಲ್ಲಿ ದ್ರಾಕ್ಷಿ ಹಣ್ಣಾಗಿ, ಅದನ್ನು ಒಣಗಿಸಿ ಮಣೂಕ ಮಾಡುವ ಶೆಡ್ಡುಗಳಿಗೆ ಹಸಿರು ಬಲೆ ಕಟ್ಟಿದ್ದರು. ಗಾಳಿಗೆ ಗಂಧಕದ ವಾಸನೆ. ಬೋಳು ಬಳ್ಳಿ ಕಂಡದ್ದು ನಾನು, ಅವಳು ಒಮ್ಮೆಲೇ ಹಣ್ಣು ಕಂಡಳು. ನಡುವಿನದೆಲ್ಲ ಅವಳಿಗೆ ಇರಲೇ ಇಲ್ಲ.

ಆಫೀಸಿನಲ್ಲಿ ಕೆಲಸ ನಡೆದಿತ್ತು. ಅವಳು ಯಾರೆಂದು ಗೊತ್ತಾಗಿ ನಾಲ್ಕಾರು ಜನ ಎದ್ದು ನಿಂತರು. ಅವಳು ಎಲ್ಲವನ್ನೂ ಮುಟ್ಟಿ ಮುಟ್ಟಿ ನೋಡಿದಳು, ಕುರುಡರು ನೋಡುವ ಹಾಗೆ. ನಾನು ಅಂದುಕೊಂಡದ್ದಕ್ಕಿಂತ ಸಣ್ಣದಿದೆ ಅಮ್ಮಾ ಅಂದಳು. ಮೌನೇಶಪ್ಪನ ಮೊರದ ಮೇಜಿನ ಸುತ್ತ ಜನ ಕುಳಿತಿದ್ದರು, ಎದುರಿನ ಪರದೆಯಲ್ಲಿ ಮನೆಯಿಂದ ಮಾತಾಡುವ ಒಬ್ಬ ಹುಡುಗಿ, ಅವಳ ಹಿಂದೆ ಹಿತ್ತಲಿನಲ್ಲಿ ಆಡು. ಆ ಹುಡುಗಿ ಏನೋ ಹೇಳಿದಳು, ಮೇಜಿನವರೆಲ್ಲ ಅವಳ ಕಡೆ ನೋಡಿ ಕೇಳಿದರು. ಅಮ್ಮಿ ನಕ್ಕಳು. ಬಹಳ ಸಣ್ಣ ನಗು.

ಆಮೇಲೆ ಗಾಜಿನ ಕೋಣೆಗಳ ಸಾಲಿಗೆ ಬಂದಳು. ಉಳಿದವನ್ನು ಬೇರೆಯವರ ಕೈಗಳು ಕೂಡಿಸಿದ್ದವು. ಮೊದಲನೆಯದು ಅವನದು. ಅವಳು ಬಾಗಿಲು ಎಳೆದಳು, ವಾಸನೆ ಬಂತು, ಇಬ್ಬರೂ ಒಂದು ಕ್ಷಣ ನಿಂತೆವು. ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ರಬ್ಬರಿನ ಅಂಚು ಗಾಜಿಗೆ ಸೇರುವಾಗ ಮುತ್ತಿಟ್ಟಂಥ ಒಂದು ಸಣ್ಣ ಸದ್ದು. ಆಮೇಲೆ ಏನೂ ಇಲ್ಲ.

ಪರೀಕ್ಷೆ ಮಾಡುತ್ತಿದ್ದಾಳೆ ಅಂದುಕೊಂಡೆ. ಮೊದಲಿನಂತೆ ಒಳಗಿನಿಂದ ಏನಾದರೂ ಬೈದು ನೋಡುತ್ತಾಳೆ ಎಂದು. ಅವಳ ಬಾಯಿ ತೆರೆಯಿತು. ಮುಚ್ಚಲಿಲ್ಲ. ಎರಡೂ ಕೈಗಳಿಂದ ಆ ಚೌಕಟ್ಟನ್ನು ಹಿಡಿದುಕೊಂಡಳು, ತಲೆ ಹಿಂದಕ್ಕೆ ಹೋಯಿತು, ಕೊರಳ ನರ ಉಬ್ಬಿದವು. ಅವಳು ಅಳುತ್ತಿದ್ದಳು. ತಿಂಗಳುಗಟ್ಟಲೆ ಆ ಕೌದಿಯ ಕೆಳಗೆ ಕಟ್ಟಿಟ್ಟಿದ್ದೆಲ್ಲ ಬರುತ್ತಿತ್ತು, ಒಂದು ಚೂರೂ ಹೊರಗೆ ಬರುತ್ತಿರಲಿಲ್ಲ. ಅವನು ಅಷ್ಟು ಚೆನ್ನಾಗಿ ಮಾಡಿದ್ದ.

ಸುತ್ತ ಜನ ಫೋನಿನಲ್ಲಿ ಮಾತಾಡುತ್ತಿದ್ದರು. ಯಾರಾದರೂ ತಲೆ ಎತ್ತಿದರೆ ಅವಳು ಕಾಣುತ್ತಿದ್ದಳು. ನಾನು ತಿರುಗಿ ಗಾಜಿಗೆ ಬೆನ್ನು ಕೊಟ್ಟು ನಿಂತೆ, ಸೆರಗನ್ನು ಎರಡೂ ಕೈಗಳಲ್ಲಿ ಅಗಲ ಮಾಡಿ ಹಿಡಿದೆ. ಒಬ್ಬ ಹುಡುಗಿ ಬಂದು ಏನ್ರಿ ಅಮ್ಮಾರ ಅಂದಳು. ಸೆಕೆ ಆಗಾಕತ್ತೈತಿ ಅಂದೆ. ನನ್ನ ಸೊಸೆಯ ಅಳು ನನಗೆ ಕೇಳಲಿಲ್ಲ. ನನ್ನ ಬೆನ್ನಿಗೆ ಗಾಜು ಅದುರುವುದು ಮಾತ್ರ ಗೊತ್ತಾಗುತ್ತಿತ್ತು. ಅದು ನಿಲ್ಲುವವರೆಗೆ ನಿಂತೆ.

ಬಸ್ಸಿನಲ್ಲಿ ಬರುವಾಗ ನಾವು ಅದರ ಬಗ್ಗೆ ಮಾತಾಡಲಿಲ್ಲ. ಇವತ್ತಿನವರೆಗೂ ಆಡಿಲ್ಲ.

ನಿಮ್ಮ ಅಮ್ಮಿ ಆಮೇಲೆ ಶೆಡ್ಡು ನಡೆಸಿದ್ದು, ಈಗ ಅವಳ ಹೆಸರು ಕೇಳಿಕೊಂಡು ಜನ ಬರುವುದು ನಿಮಗೆ ಗೊತ್ತು. ಹೊತ್ತು ಮುಳುಗುವವರೆಗೆ ಅವಳು ಕೆಲಸದಲ್ಲಿರುತ್ತಾಳೆ. ನಕ್ಕದ್ದನ್ನು ನೀವು ಎಷ್ಟು ಸಲ ನೋಡಿದ್ದೀರೋ ನನಗೆ ಗೊತ್ತಿಲ್ಲ. ತಿಕೋಟಾದ ಆ ಕಂಪನಿ ಈ ವರ್ಷ ಎಲ್ಲರೂ ಪೂರ್ತಿ ಮನೆಯಿಂದಲೇ ಮಾಡಲಿ ಎಂದು ಆಫೀಸಿನ ಹಾಲ್ ಬಿಟ್ಟುಕೊಟ್ಟಿತು. ಅಲ್ಲೀಗ ಮಣೂಕದ ಡಬ್ಬಿ ಒಟ್ಟಿದ್ದಾರೆ. ಇಲ್ಲದವರಿಗೊಂದು ಜಾಗ ಇರಲಿ ಎಂದು ಮಾಡಿದ ಕೋಣೆಗೆ ಈಗ ಇರುವವರೇ ಬರುವುದಿಲ್ಲ. ಮೊರದ ಮೇಜು ಯಾವುದೋ ಹೋಟೆಲಿಗೆ ಹೋಯಿತಂತೆ. ಮ್ಯಾನೇಜರರು ಫೋನ್ ಮಾಡಿ, ನಿಮಗೆ ಏನಾದರೂ ಬೇಕೇ ಎಂದು ಕೇಳಿದರು. ಅವಳು ಆ ಒಂದು ಕೋಣೆಯನ್ನು ಕೇಳಿದಳು.

ಸಾದಿಯಾ, ಅವಳು ಯಾಕೆ ಒಳಗೆ ಹೋಗುವುದಿಲ್ಲ ಎಂದು ನಾನು ಅವಳನ್ನು ಕೇಳಿಲ್ಲ. ಬಾಗಿಲು ತೆರೆದಷ್ಟು ಸಲ ಆ ವಾಸನೆ ಸ್ವಲ್ಪ ಸ್ವಲ್ಪ ಖರ್ಚಾಗುತ್ತದೆ ಎಂಬ ಹೆದರಿಕೆಯೋ ಏನೋ. ನಾನೂ ನಿಮ್ಮನ್ನು ಹೊರಗೆ ಕರೆದ ಆ ದಿನದ ಮೇಲೆ ತೆರೆದಿಲ್ಲ. ಅದರಲ್ಲಿ ಆಡಬೇಡಿ ಎಂದು ನಿಮಗೆ ಹೇಳಲೂ ಮನಸ್ಸು ಬರುವುದಿಲ್ಲ. ಅಬ್ಬಾ ನಿಮ್ಮದೂ ಹೌದು.

ಈ ಹಾಳೆಗಳನ್ನು ನಾನು ಕೌದಿಯಲ್ಲಿ ಸುತ್ತಿ ಟ್ರಂಕಿನ ತಳದಲ್ಲಿ ಇಡುತ್ತೇನೆ, ಕಿಟಕಿಗೆ ಕಟ್ಟಿದ್ದ ಅದೇ ಕೌದಿ. ಮೊಳೆಯ ತೂತುಗಳು ಇನ್ನೂ ಇವೆ, ಗುರುತು ಸಿಗುತ್ತದೆ. ನಾನಿಲ್ಲದಾಗ ಯಾರಾದರೂ ಹಳೆಯದೆಂದು ಎಸೆಯಲು ಬಂದರೆ ಬಿಡಬೇಡಿ. ಜೋಪಾನ ಮಾಡಿ. ಓದುವ ವಯಸ್ಸು ಬಂದಾಗ ಇಬ್ಬರೂ ಆ ಕೋಣೆಯೊಳಗೆ ಹೋಗಿ, ಬಾಗಿಲು ಹಾಕಿಕೊಂಡು ಓದಿ. ಏನೂ ಹೊರಗೆ ಕೇಳಿಸುವುದಿಲ್ಲ.